ಗಾರೆ ಕಾಣದ ಗೋಡೆ

ಮನೆ ಕಟ್ಟಿ ನೋಡು ಅಂದ ಹಿರಿಯರು, ಕಟ್ಟಿದ ಮನೆಯನ್ನು ನೋಡಲು ಬಂದವರನ್ನು ಸಹಿಸುವುದು ಹೇಗೆಂದು ಹೇಳದೆ ಹೋದರು. ನಾನು ಮಂಡ್ಯದಲ್ಲಿ ಕಟ್ಟಿಸಿದ್ದು ಕಾಂಕ್ರೀಟ್ ಚಾವಣಿಯ, ಬರಿ ಇಟ್ಟಿಗೆ ಗೋಡೆಯ ಮನೆ. ಗಾರೆಯಿಲ್ಲ, ಸುಣ್ಣಬಣ್ಣವಿಲ್ಲ. ಇಟ್ಟಿಗೆ ಇಟ್ಟಿಗೆಯಾಗಿಯೇ ಕಾಣಬೇಕು, ಅದೇ ಆಧುನಿಕ ಶೈಲಿ ಎಂದು ಎಂಜಿನಿಯರು ಹೇಳಿಕೊಟ್ಟಿದ್ದನ್ನು ಬಂದವರಿಗೆಲ್ಲ ಗಿಳಿಪಾಠದಂತೆ ಒಪ್ಪಿಸುತ್ತಿದ್ದೆ. ಹಾಲಿನವರು, ಮೀಟರ್ ಓದುವವರು, ಎದುರು ಮನೆಯವರು ಎಲ್ಲರೂ ತಾಳ್ಮೆಯಿಂದ ಕೇಳಿಸಿಕೊಂಡು ಕೊನೆಗೆ, "ಅದ್ಸರಿ, ಪ್ಲಾಸ್ಟ್ರಿಂಗ್ ಯಾವಾಗ್ ಮಾಡುಸ್ತೀರಿ?" ಅನ್ನುತ್ತಿದ್ದರು.

ಇವರನ್ನೆಲ್ಲ ನಗುತ್ತಲೇ ದಾಟಿದೆ. ದಾಟಲಾಗದೆ ಹೋದದ್ದು ನಿಡಘಟ್ಟದ ನಮ್ಮಕ್ಕನನ್ನು. ಅವ್ವ ತೀರಿಕೊಂಡ ಮೇಲೆ ನನ್ನನ್ನು ಸಾಕಿದವಳು ಅವಳೇ. ಗೃಹಪ್ರವೇಶದ ದಿನ ಗೋಡೆ ಸವರಿ ನೋಡಿ, ನನ್ನನ್ನು ಮೂಲೆಗೆ ಕರೆದು, "ಕಾಸು ಸಾಲ್ದೆ ಓಯ್ತೇನ್ಲಾ? ನಂಗೇಳಕ್ಕೂ ನಾಚ್ಕೆಯಾ?" ಎಂದು ಕಣ್ಣು ತುಂಬಿಕೊಂಡಳು. "ಇದೇ ಫ್ಯಾಷನ್ ಕಣಕ್ಕ" ಅಂದೆ. "ಫ್ಯಾಸನ್ನಂತೆ! ಗ್ವಾಡೆ ಬೆತ್ಲೆ ನಿಂತವೆ. ಮೊದ್ಲು ಮುಗ್ಸು, ಆಮೇಲ್ ಬಂದು ತಿಂಗ್ಳೊಪ್ಪತ್ತು ಇರ್ತೀನಿ" ಎಂದು ಊಟ ಮುಗಿಸಿ ಬಸ್ಸು ಹತ್ತಿದಳು.

ಆಮೇಲೆ ಪ್ರತಿ ಹಬ್ಬಕ್ಕೂ ಕರೆದೆ, ಬರಲಿಲ್ಲ. ಒಂದು ಕೋಣೆಗೆ ಗಾರೆ ಮಾಡಿಸಿದ್ದರೂ ಸಾಕಿತ್ತು. ನನ್ನ ರಸಿಕತನ ಬಿಡಬೇಕಲ್ಲ! ಅವಳು ಕಾಯಿಲೆ ಬಿದ್ದಾಗ, ಆಸ್ಪತ್ರೆ ಇಲ್ಲೇ ಹತ್ತಿರ, ನಮ್ಮಲ್ಲೇ ಇರು ಎಂದು ಫೋನಿನಲ್ಲಿ ಅಂಗಲಾಚಿದೆ. "ಗ್ವಾಡೆ ಆಯ್ತೇನ್ಲಾ?" ಅಂದಳು. ಮಾತನ್ನು ಔಷಧಿಯ ಕಡೆಗೆ ಹೊರಳಿಸಿದೆ. ಶ್ರಾವಣ ಕಳೆಯುವುದರೊಳಗೆ ಹೋಗಿಬಿಟ್ಟಳು.

ತಿಥಿಯ ದಿನ ಊಟಕ್ಕೆ ಕೂತಾಗ ಅವಳ ವಾರಗಿತ್ತಿ ಹೇಳಿದರು: "ಆಮೇಲ್ ಗಾರೆ ಮಾಡ್ಸಿ ಆಕಾಸದ್ ಬಣ್ಣ ಹೊಡ್ಸುದ್ಯಂತಲ್ಲಪ್ಪ. ನನ್ ತಮ್ಮನ್ ಮನೆ ಅರಮನೆ ಇದ್ದಂಗದೆ ಅಂತ ಊರ್ಗೆಲ್ಲಾ ಹೇಳ್ಕಂಡ್ ತಿರುಗ್ತಿದ್ಲು ಕಣಪ್ಪ. ಬರೋ ತಿಂಗ್ಳು ನಾವೆಲ್ಲ ನೋಡಕ್ ಬತ್ತೀವಿ." ನನ್ನ ಮಾನ ಕಾಯಲು ಅವಳು ಇಷ್ಟು ವರ್ಷ ಸುಳ್ಳು ಹೇಳಿದ್ದಳು.

ಮಾರನೆಯ ಬೆಳಿಗ್ಗೆಯೇ ಗಾರೆ ಮೇಸ್ತ್ರಿಯನ್ನು ಕರೆಸಿದೆ. ಬದುಕಿದ್ದವಳಿಗಾಗಿ ಒಂದು ಬೊಗಸೆ ಸಿಮೆಂಟು ಹಚ್ಚಿಸದ ಮಹಾನುಭಾವ, ಸತ್ತವಳ ಮಾತು ಸುಳ್ಳಾಗದಿರಲಿ ಎಂದು ಈಗ ಒದ್ದಾಡುತ್ತಿದ್ದೇನೆ. ಮೇಸ್ತ್ರಿ ಗೋಡೆಯನ್ನು ಮೇಲಿನಿಂದ ಕೆಳಗಿನವರೆಗೂ ನೋಡಿ, "ಎಷ್ಟ್ ಚೆಂದಾಗ್ ಕಟ್ಟವ್ರೆ ಸಾರ್! ಮುಚ್ಚಕ್ಕೆ ಮನ್ಸೇ ಬರಾಕಿಲ್ಲ, ಹಿಂಗೇ ಬುಟ್ಬುಡಿ" ಅಂದ. ಇಷ್ಟು ವರ್ಷಗಳಲ್ಲಿ ನನ್ನ ಮನೆಯನ್ನು ಮೆಚ್ಚಿಕೊಂಡ ಮೊದಲ ಮನುಷ್ಯ. ಅವನ ಮೇಲೆ ರೇಗಿಬಿಟ್ಟೆ.