ಒಂದರ ಮೇಲೊಂದು ಎರಡು ಕುರ್ಚಿ

ದಪ್ಪಗಿರುವವರಿಗೆ ಜನರ ಗೇಲಿ ಅಷ್ಟಾಗಿ ನೋಯುವುದಿಲ್ಲ. ಶಾಲೆಯ ಕಾಲದಿಂದ ಕೇಳಿ ಕೇಳಿ ಅದು ಅಭ್ಯಾಸವಾಗಿರುತ್ತದೆ. ನಿಜವಾಗಿ ನೋಯುವುದು ಮರ್ಯಾದೆ. ಮದುವೆಗೋ ಗೃಹಪ್ರವೇಶಕ್ಕೋ ಹೋದಾಗ ಮನೆಯ ಯಜಮಾನರು ನಗುನಗುತ್ತಾ ಎದುರು ಬಂದು, ನಮ್ಮನ್ನೊಮ್ಮೆ ಮೇಲಿಂದ ಕೆಳಗೆ ನೋಡಿ, ಅಲ್ಲಿ ಹಾಕಿರುವ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಇನ್ನೊಂದು ಕುರ್ಚಿ ತಂದು ಕೂರಿಸಿ, "ಕೂತ್ಕೊಳ್ಳಿ ಸಾರ್, ಆರಾಮಾಗಿ" ಎನ್ನುತ್ತಾರಲ್ಲ, ಅದು. ಒಂದು ಕುರ್ಚಿ ತಡೆಯುವುದಿಲ್ಲ ಎಂದು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದ್ದರೆ ಜಗಳವನ್ನಾದರೂ ಆಡಬಹುದಿತ್ತು. ನಾವು ಸುಮ್ಮನೆ ಆ ಜೋಡಿ ಕುರ್ಚಿಯ ಮೇಲೆ ಎಲ್ಲರಿಗಿಂತ ಎರಡು ಬೆರಳು ಎತ್ತರದಲ್ಲಿ, ಸಭಾಧ್ಯಕ್ಷರ ಹಾಗೆ ಕೂತುಕೊಳ್ಳಬೇಕು.

ಇದರ ಜೊತೆಗೆ ನನ್ನ ಕೆಲಸವೂ ತೂಕದ್ದೇ. ಶಿವಮೊಗ್ಗದಿಂದ ಭದ್ರಾವತಿಗೆ ಹೋಗುವ ರಸ್ತೆಯಲ್ಲಿ ಲಾರಿ ತೂಗುವ ವೇಬ್ರಿಡ್ಜ್ ಒಂದಿದೆ. ಅದರ ಗಾಜಿನ ಕಿಟಕಿಯ ಹಿಂದೆ ಹನ್ನೆರಡು ವರ್ಷದಿಂದ ಕೂತಿದ್ದೇನೆ. ತುಂಬಿದ ಲಾರಿಯನ್ನೊಮ್ಮೆ, ಖಾಲಿ ಲಾರಿಯನ್ನೊಮ್ಮೆ ತೂಗುವುದು, ಕಳೆದು ರಸೀದಿ ಕೊಡುವುದು. ನಾನು ಹೊರಗೆ ಬಂದು ತಕ್ಕಡಿಯ ಹತ್ತಿರ ನಿಂತರೆ ಸಾಕು, ಡ್ರೈವರುಗಳಿಗೆ ಹಬ್ಬ. "ಸ್ವಲ್ಪ ಆಚೆ ನಿಂತ್ಕೊಳ್ಳಿ ಮಾರಾಯ್ರೆ, ನನ್ನ ಲೋಡ್ ಜಾಸ್ತಿ ತೋರಿಸ್ತಿದೆ!" ನಾನೂ ನಗುತ್ತೇನೆ. ನಗದಿದ್ದರೆ ಇನ್ನೂ ದಪ್ಪ ಕಾಣುತ್ತೇನೆಂಬ ಭಯ.

ಒಂದು ಭಾನುವಾರ ನನ್ನ ಹೆಂಡತಿ ಸುಜಾತ ಬುತ್ತಿ ತಂದವಳು ತಾನೂ ತೂಕ ನೋಡಬೇಕೆಂದು ಹಟ ಹಿಡಿದಳು. ನಮ್ಮ ತಕ್ಕಡಿ ಟನ್ನುಗಟ್ಟಲೆ ತೂಗುವಂಥದ್ದು, ಹತ್ತು ಕಿಲೋ ಲೆಕ್ಕದಲ್ಲಷ್ಟೇ ತೋರಿಸುತ್ತದೆ. ಅವಳೊಬ್ಬಳೇ ನಿಂತಾಗ ಐವತ್ತು. ನಾನು ನಿಂತಾಗ ನೂರಮೂವತ್ತು. ಇಬ್ಬರೂ ನಿಂತಾಗ ನೂರೆಂಬತ್ತು. "ಲೋಡು ನೀವು, ಖಾಲಿ ಲಾರಿ ನಾನು" ಎಂದು ಅವಳು ತಕ್ಕಡಿಯ ಮೇಲೆಯೇ ಕೂತು ನಕ್ಕಳು. ಬಸ್ಸಿನಲ್ಲಿ ಇಬ್ಬರ ಸೀಟಿನಲ್ಲಿ ನಾನು ಕೂತು ಉಳಿದ ಜಾಗದಲ್ಲಿ ಕೂರಲೆಂದೇ ಅಳತೆ ಕೊಟ್ಟು ಮಾಡಿಸಿದಂತಿದ್ದಳು. ಮಕ್ಕಳಿಲ್ಲದ ನಮ್ಮ ಮನೆಯಲ್ಲಿ ಜಗಳಗಳೂ ಕಡಿಮೆ; ಇದ್ದದ್ದೆಲ್ಲ ನನ್ನ ತಟ್ಟೆಯ ಬಗ್ಗೆ.

ಸೀರೆಗೆ ಫಾಲ್ಸ್ ಹೊಲಿಯುತ್ತಾ ಕೂತಿದ್ದಾಗ ಅವಳೊಮ್ಮೆ ಪೇಪರಿನಿಂದ ಕತ್ತರಿಸಿದ ಜಾಹೀರಾತನ್ನು ನನ್ನ ಮುಂದಿಟ್ಟಳು. ತೂಕ ಇಳಿಸುವ ಆಪರೇಷನ್, ಸವಳಂಗ ರಸ್ತೆಯ ಒಂದು ಆಸ್ಪತ್ರೆಯಲ್ಲಿ. "ಒಂದ್ಸಲ ಹೋಗಿ ಕೇಳ್ಕೊಂಡ್ ಬರೋಣಾರೀ. ನಿಮ್ಮ ಶುಗರ್‌ಗೂ ಒಳ್ಳೇದಂತೆ." ನಾನು ಖರ್ಚೆಷ್ಟು ಎಂದು ಓದಿ, "ಮೂರು ಲಕ್ಷ ಕೊಟ್ಟು ಯಾರಾದ್ರೂ ಉಪವಾಸ ಕೊಂಡ್ಕೊಳ್ತಾರಾ? ಅದು ನಮ್ಮನೇಲಿ ಬಿಟ್ಟಿ ಸಿಗತ್ತೆ, ನಿನ್ನ ತವರಿನವರು ಅಡುಗೆ ಮಾಡಿದ ದಿನ" ಎಂದೆ. ಮಾತು ಚೆನ್ನಾಗಿ ಬಂತೆಂದು ನನಗೇ ಖುಷಿಯಾಗಿ ಮರುದಿನ ವೇಬ್ರಿಡ್ಜಿನಲ್ಲೂ ನಾಲ್ಕು ಜನಕ್ಕೆ ಹೇಳಿದೆ. ಅವಳು ಜಾಹೀರಾತನ್ನು ಮಡಚಿ ದಾರದ ಡಬ್ಬಿಯಲ್ಲಿಟ್ಟಳು. ಆ ವಿಷಯ ಮತ್ತೆ ಎತ್ತಲಿಲ್ಲ.

ಎಲ್ಲರೂ ನಾನೇ ಮೊದಲು ಹೋಗುವವನೆಂದು ತಿಳಿದಿದ್ದರು. ನಾನೂ ಹಾಗೆಯೇ ತಿಳಿದು ನನ್ನ ಮೇಲೊಂದು ಎಲ್‌ಐಸಿ ಮಾಡಿಸಿ ಅವಳನ್ನು ನಾಮಿನಿ ಮಾಡಿದ್ದೆ. ಕಳೆದ ವರ್ಷ ಒಂದು ಬೆಳಿಗ್ಗೆ ಅವಳು ಒಲೆಯ ಮುಂದೆ ಕುಸಿದಳು. ನಮ್ಮದು ಮಹಡಿ ಮನೆ. ಇಕ್ಕಟ್ಟಿನ ಹದಿನೆಂಟು ಮೆಟ್ಟಿಲು. ಐವತ್ತು ಕಿಲೋ ಕೂಡ ತೂಗದ ಹೆಂಗಸನ್ನು ಎತ್ತಿಕೊಂಡು ನಾನು ಎರಡು ಮೆಟ್ಟಿಲು ಇಳಿದೆ. ಮೂರನೆಯದಕ್ಕೆ ಉಸಿರು ಸಿಕ್ಕಲಿಲ್ಲ. ಅವಳನ್ನು ತೊಡೆಯ ಮೇಲಿಟ್ಟುಕೊಂಡು ಮೆಟ್ಟಿಲಿನಲ್ಲೇ ಕೂತು ಕೂಗಿದೆ. ಕೆಳಗಿನ ಮನೆಯವರು ಬಂದರು, ಆದರೆ ಮೆಟ್ಟಿಲು ತುಂಬಾ ನಾನೇ ಇದ್ದೆ. ಮೊದಲು ನನ್ನನ್ನು ಎಬ್ಬಿಸಿ ಸರಿಸಿ ಆಮೇಲೆ ಅವಳನ್ನು ಕರೆದೊಯ್ಯಬೇಕಾಯಿತು. "ಹತ್ತು ನಿಮಿಷ ಮೊದಲು ಬಂದಿದ್ರೂ ಏನೂ ವ್ಯತ್ಯಾಸ ಆಗ್ತಿರಲಿಲ್ಲ" ಎಂದು ಡಾಕ್ಟರು ಹೇಳಿದರು. ಅವರು ಒಳ್ಳೆಯವರು. ನನ್ನನ್ನು ನೋಡಿ ಹಾಗೆ ಹೇಳಿದರೋ ಅವಳನ್ನು ನೋಡಿ ಹೇಳಿದರೋ, ಇವತ್ತಿಗೂ ಗೊತ್ತಿಲ್ಲ.

ಹತ್ತು ತಿಂಗಳಾದ ಮೇಲೆ ದಾರದ ಡಬ್ಬಿಯಲ್ಲಿದ್ದ ಜಾಹೀರಾತನ್ನು ಜೇಬಿನಲ್ಲಿಟ್ಟುಕೊಂಡು ಆ ಆಸ್ಪತ್ರೆಗೆ ಹೋದೆ. ಪರೀಕ್ಷೆಗಳೆಲ್ಲ ಮುಗಿದ ಮೇಲೆ ಖರ್ಚು ವಿವರಿಸಲು ಒಬ್ಬ ಹುಡುಗಿ ಸಿಕ್ಕಳು, ತುಂಬಾ ಮರ್ಯಾದಸ್ಥೆ. "ಹೊಟ್ಟೆಯ ಮುಕ್ಕಾಲು ಭಾಗ ತೆಗೀತಾರೆ ಸಾರ್. ಉಳಿಯೋದು ಬಾಳೆಹಣ್ಣಿನಷ್ಟು" ಎಂದಳು. ಏಲಕ್ಕಿ ಬಾಳೆಯೋ ಪಚ್ಚಬಾಳೆಯೋ ಎಂದು ಕೇಳಬೇಕೆನಿಸಿತು, ಕೇಳಲಿಲ್ಲ. ಪ್ಯಾಕೇಜು ಮೂರು ಲಕ್ಷದ ಇಪ್ಪತ್ತೈದು ಸಾವಿರ. ಇನ್ಶೂರೆನ್ಸ್ ಇದೆಯಾ ಎಂದಳು. ಆಸ್ಪತ್ರೆ ಖರ್ಚಿನದ್ದೊಂದು ಇತ್ತು. ಅಲ್ಲಿಂದಲೇ ಏಜೆಂಟನಿಗೆ ಫೋನು ಮಾಡಿದರೆ ಅವನು, "ಸೌಂದರ್ಯಕ್ಕೆ ಮಾಡಿಸ್ಕೊಳ್ಳೋದಕ್ಕೆ ಕೊಡಲ್ಲ ಸಾರ್" ಎಂದ. ಐವತ್ತೆರಡು ವರ್ಷದಲ್ಲಿ ನನ್ನ ಜೊತೆ ಆ ಪದವನ್ನು ಸೇರಿಸಿದವನು ಅವನೊಬ್ಬನೇ, ಸಿಟ್ಟೇ ಬರಲಿಲ್ಲ. ಡಾಕ್ಟರ ಕಾಗದ ಇದೆ ಎಂದಾಗ ಅವನು ಪಾಲಿಸಿ ತೆಗೆದುನೋಡಿ, ಇನ್ನೂ ಎರಡು ವರ್ಷ ಕಾಯಬೇಕು ಎಂದ. ಡಾಕ್ಟರು ನನ್ನ ಶುಗರ್ ನೋಡಿ ಎರಡು ತಿಂಗಳಿಗಿಂತ ಹೆಚ್ಚು ಕಾಯಬೇಡಿ ಎಂದಿದ್ದರು. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿದ್ದರೆ ಚೆನ್ನಾಗಿತ್ತು.

ಇಎಂಐ ಇದೆ ಎಂದಳು ಹುಡುಗಿ. ಫ್ರಿಜ್ಜನ್ನು ಇಎಂಐನಲ್ಲಿ ತಂದದ್ದುಂಟು. ಫ್ರಿಜ್ಜಿನಲ್ಲಿರುವುದನ್ನು ತಿನ್ನದಿರಲು ಇನ್ನೊಂದು ಇಎಂಐ! ಆದರೂ ಒಂದು ಲಕ್ಷಕ್ಕಿಂತ ಹೆಚ್ಚು ಸಿಗುವುದಿಲ್ಲವಂತೆ. ಸುಜಾತಳ ನಾಲ್ಕು ಬಳೆಯಿದ್ದವು. ಒಂದು ದಿನ ಬ್ಯಾಂಕಿನವರೆಗೂ ಒಯ್ದೆ. ಅಡವಿಗೆ ಚಿನ್ನ ನೋಡುವ ಆಚಾರಿ ಪುಟ್ಟ ತಕ್ಕಡಿಯ ಮೇಲೆ ಬಳೆ ಇಡಲು ಕೈಚಾಚಿದ. ಗ್ರಾಂ ಲೆಕ್ಕದ ಆ ತಕ್ಕಡಿ, ಅದರ ಎದುರಿಗೆ ಕ್ವಿಂಟಲ್ ಲೆಕ್ಕದ ನಾನು. "ಕನ್ನಡಕ ಮರೆತು ಬಂದೆ" ಎಂದು ಹೇಳಿ ಎದ್ದುಬಂದೆ. ಬಳೆ ಅಡವಿಡಲು ಕನ್ನಡಕ ಯಾಕೆಂದು ಆ ಪುಣ್ಯಾತ್ಮ ಕೇಳಲಿಲ್ಲ.

ಉಳಿದದ್ದು ಚೀಟಿ. ಮೊದಲು ನಾವು ಭದ್ರಾವತಿಯಲ್ಲಿ ಕಾರ್ಖಾನೆಯ ಕ್ವಾರ್ಟರ್ಸ್ ಬಳಿ ಇದ್ದೆವು. ಅಲ್ಲಿ ಸೆಲ್ವಿಯಕ್ಕ ಎಂಬ ಹಿರಿಯ ಹೆಂಗಸು ಚೀಟಿ ನಡೆಸುತ್ತಾರೆ. ಇಪ್ಪತ್ತು ಜನ, ಇಪ್ಪತ್ತು ತಿಂಗಳು, ಎರಡು ಲಕ್ಷದ ಚೀಟಿ. ಶಿವಮೊಗ್ಗಕ್ಕೆ ಬಂದ ಮೇಲೂ ಸುಜಾತ ಹೊಸ ಚೀಟಿಗೆ ಸೇರಿದ್ದಳು. ಯಾಕೆಂದು ಕೇಳಿದ್ದಕ್ಕೆ "ಬೇಕಾಗತ್ತೆ ಬಿಡಿ" ಎಂದಿದ್ದಳು. ಮೂರು ಕಂತು ಕಟ್ಟಿ ಅವಳು ಹೋದಳು. ಅಲ್ಲಿಂದ ಪ್ರತಿ ಹತ್ತನೇ ತಾರೀಖು ನಾನೇ ಬಸ್ಸು ಹತ್ತಿ ಹೋಗುತ್ತಿದ್ದೆ. ಹತ್ತೊಂಬತ್ತು ಹೆಂಗಸರು ಚಾಪೆಯ ಮೇಲೆ, ನಾನೊಬ್ಬ ಗಂಡಸು ಮೂಲೆಯಲ್ಲಿ, ಒಂದರ ಮೇಲೊಂದು ಎರಡು ಕುರ್ಚಿಯ ಮೇಲೆ.

ಆ ಚೀಟಿಗೊಂದು ಪದ್ಧತಿಯಿದೆ. ಸಾಮಾನ್ಯವಾಗಿ ದುಡ್ಡು ಬೇಕಾದವರು ಇಷ್ಟು ಬಿಟ್ಟುಕೊಡುತ್ತೇನೆಂದು ಪೈಪೋಟಿಯಲ್ಲಿ ಕೂಗಬೇಕು. ಆದರೆ ಮದುವೆ, ಆಸ್ಪತ್ರೆ, ತಿಥಿ ಎಂದು ಯಾರಾದರೂ ಎದ್ದು ಕಾರಣ ಹೇಳಿದರೆ ಉಳಿದವರು ಕೂಗುವುದಿಲ್ಲ. ಪೂರ್ತಿ ದುಡ್ಡು ಅವರಿಗೇ. ಕಾರಣವನ್ನು ಮಾತ್ರ ಎಲ್ಲರ ಎದುರು ಬಾಯಿಬಿಟ್ಟು ಹೇಳಬೇಕು. ಆಸ್ಪತ್ರೆಗೆ ಹೋಗಿಬಂದ ಮುಂದಿನ ಹತ್ತನೇ ತಾರೀಖು ನಾನು ಬಸ್ಸಿನಲ್ಲಿ ಮನಸ್ಸಿನಲ್ಲೇ ಹೇಳಿ ಹೇಳಿ ಅಭ್ಯಾಸ ಮಾಡಿದೆ: "ನನಗೊಂದು ಆಪರೇಷನ್ ಇದೆ." ಯಾವುದಕ್ಕೆ ಎಂದು ಕೇಳದೆ ಬಿಡುತ್ತಾರೆಯೇ? ಇಪ್ಪತ್ತು ವರ್ಷ ನಮ್ಮ ಮನೆಯಲ್ಲಿ ಕಾಫಿ ಕುಡಿದ ಹೆಂಗಸರು. ಸೆಲ್ವಿಯಕ್ಕ "ಯಾರಿಗಾದ್ರೂ ಅವಸರ ಇದೆಯೇನ್ರಮ್ಮಾ?" ಎಂದರು. ನಾನು ಎದ್ದೆ. ಜೊತೆಗೆ ಕುರ್ಚಿಗಳೂ ಎದ್ದವು, ಎರಡು ಕೈಯಲ್ಲೂ ಒತ್ತಿ ಬಿಡಿಸಿಕೊಂಡೆ. ಯಾರೂ ನಗಲಿಲ್ಲ. ಅದೇ ಕೆಟ್ಟದ್ದು. ಆ ನಿಶ್ಶಬ್ದದಲ್ಲಿ ನನ್ನ ಬಾಯಿಂದ ಬಂದದ್ದು ಹೀಗೆ:

"ಮುಂದಿನ ತಿಂಗಳು ಸುಜಾತನ ವರ್ಷದ ತಿಥಿ. ಸ್ವಲ್ಪ ಚೆನ್ನಾಗಿ ಮಾಡ್ಬೇಕು ಅಂತ."

ಒಬ್ಬರೂ ಕೂಗಲಿಲ್ಲ. ಒಂದಿಬ್ಬರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ಹತ್ತೊಂಬತ್ತು ಜನವೂ ಅಳಲು ಶುರುಮಾಡಿದರು. ಅಳು ಮುಗಿದ ತಕ್ಷಣ ಅಡುಗೆಯ ಮಾತು ಎದ್ದಿತು. "ನೀವು ಏನೂ ಯೋಚ್ನೆ ಮಾಡ್ಬೇಡಿ ಅಣ್ಣಾ, ಇಲ್ಲೇ ಹಾಲ್ ಹಿಡಿಯಣ. ಅವಳು ಬಾಳಿದ್ದು ಇಲ್ಲೇ ಅಲ್ವಾ? ಅಡುಗೆ ನಾವು ನೋಡ್ಕೊಳ್ತೀವಿ." ಇನ್ನೂರೈವತ್ತು ಎಲೆ ಎಂದು ಅವರೇ ತೀರ್ಮಾನಿಸಿದರು. ನಾನು ಮನೆಯಲ್ಲಿ ಐದು ಜನಕ್ಕೆ ಎಂದುಕೊಂಡಿದ್ದೆ.

ಆಪರೇಷನ್ನಿಗೆ ಆಗಲೇ ಮುಂಗಡ ಕೊಟ್ಟಾಗಿತ್ತು. ಸರ್ಜನ್ನರು ತಿಂಗಳಿಗೊಮ್ಮೆ ಬರುವವರು. ಅವರ ದಿನ ತಿಥಿಯಾದ ನಾಲ್ಕನೇ ದಿನಕ್ಕೆ ಬಿದ್ದಿತ್ತು. ಅದಕ್ಕೆ ಮೊದಲು ಎರಡು ವಾರ ಬರೀ ನೀರುನೀರಾದ ಆಹಾರ, ಮತ್ತೊಂದು ಪ್ರೋಟೀನ್ ಪುಡಿ. ಹೀಗಾಗಿ ತಿಥಿಯ ದಿನ ಹೋಳಿಗೆ, ವಡೆ, ಪಾಯಸಗಳ ನಡುವೆ ನಾನೊಬ್ಬನೇ ಎಲೆಯ ಮುಂದೆ ಕೂರದೆ ಓಡಾಡುತ್ತಿದ್ದೆ. ಅವಳ ಎಡೆಗೆ ಹೆಂಗಸರು ಅವಳಿಗಿಷ್ಟವಾದ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯನ್ನೂ ಮರೆಯದೆ ಇಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬಂತು. ನಿಜ ಹೇಳಬೇಕೆಂದರೆ ಹಸಿವೂ ಆಯಿತು. ಎರಡರಲ್ಲಿ ಯಾವುದು ಮೊದಲು ಬಂತೆಂದು ಕೇಳಬೇಡಿ.

ನನ್ನ ಬೆನ್ನ ಹಿಂದೆ ಪಿಸುಮಾತು ಶುರುವಾಯಿತು. "ನೋಡೇ, ಅಣ್ಣ ಒಂದು ಅಗುಳೂ ಮುಟ್ಟಿಲ್ಲ." "ಹತ್ತು ದಿನದಿಂದ ಊಟನೇ ಬಿಟ್ಟಿದ್ದಾರಂತೆ." "ನಮ್ಮನೆಯವ್ರು ಇದ್ದಾರೆ, ನಾನು ಸತ್ರೆ ಅವತ್ತೇ ಎರಡು ಹೋಳಿಗೆ ಜಾಸ್ತಿ ತಿಂತಾರೆ!" ಕಿವಿ ಬಿಸಿಯಾಗಿ ನಾನು ಅಡುಗೆಮನೆಯ ಹಿಂದಕ್ಕೆ ಹೋದೆ. ಅಲ್ಲಿ ಗೋಡೆಗೆ ಮುಖ ಮಾಡಿಕೊಂಡು ಡಬ್ಬಿ ಅಲ್ಲಾಡಿಸಿ ಪ್ರೋಟೀನು ಕುಡಿಯುತ್ತಿರುವಾಗ ಸೆಲ್ವಿಯಕ್ಕ ಬಂದರು.

"ಏನಣ್ಣಾ ಅದು?"

"ಗಂಜಿ."

"ಗಂಜಿ ಚಾಕ್ಲೇಟ್ ವಾಸ್ನೆ ಬರುತ್ತಾ?"

ಹೇಳಿಬಿಟ್ಟೆ. ಆಪರೇಷನ್ನು, ಮೂರು ಲಕ್ಷ, ಮೆಟ್ಟಿಲು, ಎಲ್ಲ. ತಿಥಿಗೆಂದು ಕೇಳಿದ್ದು ಸುಳ್ಳು ಎಂದೂ ಹೇಳಿದೆ. ಸೆಲ್ವಿಯಕ್ಕ ಅಲ್ಲಿದ್ದ ಅಕ್ಕಿ ಮೂಟೆಯ ಮೇಲೆ ಕೂತರು. ಬೈಯುತ್ತಾರೆಂದು ಕಾದೆ.

"ಅಯ್ಯೋ ಕರ್ಮವೇ" ಎಂದರು ನಿಧಾನವಾಗಿ. "ಸುಜಾತ ಈ ಚೀಟಿ ಹಾಕಿದ್ದೇ ನಿಮ್ಮ ಆಪರೇಷನ್‌ಗೆ ಅಣ್ಣಾ. ಮೊದಲನೇ ದಿನವೇ ಎಲ್ಲರ ಮುಂದೆ ಹೇಳಿದ್ಲು. ಅವರಿಗೆ ಮಾತ್ರ ಹೇಳ್ಬೇಡ್ರೇ, ನಾಚ್ಕೊಂಡು ಮನೆ ಬಿಟ್ಟು ಹೋಗ್ತಾರೆ ಅಂದ್ಲು. ಹತ್ತೊಂಬತ್ತು ಜನಕ್ಕೂ ಗೊತ್ತು. ತಿಂಗಳು ತಿಂಗಳು ಕಾಯ್ತಾ ಇದ್ವಿ, ಇವತ್ತು ಕೇಳ್ತಾರೆ, ಇವತ್ತು ಕೇಳ್ತಾರೆ ಅಂತ. ನೀವು ತಿಥಿಗೆ ಅಂದಾಗ ನಾವು ಅತ್ತಿದ್ದು ಯಾಕೆ ಅಂದ್ಕೊಂಡ್ರಿ? ಅವಳು ನಿಮಗೆ ಅಂತ ಕಟ್ಟಿದ್ದನ್ನ ನೀವು ಅವಳಿಗೇ ಖರ್ಚು ಮಾಡ್ತಿದ್ದೀರಲ್ಲಾ ಅಂತ."

ಡಬ್ಬಿಯ ಮುಚ್ಚಳ ಹಾಕಲು ನೋಡಿದೆ. ಅದರ ತಿರುಪು ಕೂಡಲಿಲ್ಲ. "ಈಗಲೇ ಹೋಗಿ ಎಲ್ಲರಿಗೂ ನಿಜ ಹೇಳ್ತೀನಿ" ಎಂದೆ.

"ಸುಮ್ನೆ ನಿಂತ್ಕೊಳ್ಳಿ!" ಸೆಲ್ವಿಯಕ್ಕನಿಗೆ ಈಗ ಸಿಟ್ಟು ಬಂತು. "ಬೆಳಗಿನ ಜಾವಕ್ಕೇ ಬಂದು ಒಲೆ ಮುಂದೆ ನಿಂತಿದ್ದಾರೆ ಅವರು. ಅವರ ಸಂತೋಷ ಹಾಳು ಮಾಡಿ ನೀವು ಹಗುರ ಆಗ್ಬೇಕಾ? ಚೀಟಿ ಮುಗಿಯೋವರ್ಗೂ ತಪ್ಪದೆ ಬನ್ನಿ. ಕೂತು, ಅವರು ಹೊಗಳೋದನ್ನ ಬಾಯಿ ಮುಚ್ಕೊಂಡು ಕೇಳಿಸ್ಕೊಳ್ಳಿ. ಅದೇ ನಿಮಗೆ ಬಡ್ಡಿ." ಎದ್ದು ಎರಡು ಹೆಜ್ಜೆ ಹೋದವರು ತಿರುಗಿ, "ಆಪರೇಷನ್ ಮಾತ್ರ ತಪ್ಪಿಸ್ಬೇಡಿ. ಅವಳು ಕೇಳಿದ್ದು ಅದನ್ನೇ" ಎಂದರು.

ತಪ್ಪಿಸಲಿಲ್ಲ. ತಿಥಿಯ ಊಟಕ್ಕೆ ಖರ್ಚಾಗಿ ಉಳಿದ ಚೀಟಿ ದುಡ್ಡು, ನನ್ನ ಪಿಎಫ್‌ನಿಂದ ಒಂದಿಷ್ಟು, ಮಿಕ್ಕದ್ದಕ್ಕೆ ಆ ಇಎಂಐ. ಬಳೆ ಬೀರುವಿನಲ್ಲೇ ಇದೆ. ನಾಲ್ಕು ತಿಂಗಳಾಯಿತು. ಈಗ ವೇಬ್ರಿಡ್ಜ್ ನೂರು ತೋರಿಸುತ್ತದೆ. ಮೊನ್ನೆ ಯಾರೂ ಇಲ್ಲದ ಹೊತ್ತು ನೋಡಿ ಲಾರಿಯಿಂದ ಐವತ್ತು ಕಿಲೋ ಸಿಮೆಂಟಿನ ಚೀಲವೊಂದನ್ನು ಎದೆಗವಚಿಕೊಂಡು ನಮ್ಮ ಆಫೀಸಿನ ಐದು ಮೆಟ್ಟಿಲು ಹತ್ತಿ, ಇಳಿದೆ. ಮೂರನೆಯ ಮೆಟ್ಟಿಲಿನಲ್ಲಿ ನಿಲ್ಲಲಿಲ್ಲ. ಚಹಾ ಕುಡಿದು ಬಂದ ಡ್ರೈವರು, "ಏನ್ ಸಾರ್, ಹಮಾಲಿ ಕೆಲಸ ಶುರು ಮಾಡಿದ್ರಾ?" ಎಂದ. ಅಂಗಿಯ ಸಿಮೆಂಟು ಒರೆಸಿಕೊಳ್ಳುವ ನೆಪದಲ್ಲಿ ಮುಖ ತಿರುಗಿಸಿದೆ.

ಪ್ರತಿ ಹತ್ತನೇ ತಾರೀಖು ಹೋಗಿ ಬಡ್ಡಿ ಕಟ್ಟುತ್ತಿದ್ದೇನೆ. ಕಳೆದ ಸಲ ಬಾಗಿಲಲ್ಲಿ ನನ್ನನ್ನು ನೋಡಿ ಒಬ್ಬರು, "ಅಯ್ಯೋ, ಹೆಂಡತಿ ಕೊರಗಲ್ಲೇ ಎಷ್ಟು ಇಳಿದುಹೋಗಿದ್ದಾರೆ ನೋಡ್ರೇ" ಎಂದರು. ಇನ್ನೊಬ್ಬರು ತಟ್ಟೆ ತುಂಬಾ ಕೇಸರಿಬಾತು ತಂದು, "ಅಣ್ಣಾ, ತಿನ್ನಿ, ಅವಳ ಆತ್ಮಕ್ಕೆ ನೆಮ್ಮದಿ ಆಗ್ಲಿ" ಎಂದರು. ಎರಡು ಚಮಚಕ್ಕಿಂತ ಹೆಚ್ಚು ನನ್ನೊಳಗೆ ಈಗ ಹಿಡಿಸುವುದಿಲ್ಲ. ಅದನ್ನೂ ಕೊರಗಿನ ಲೆಕ್ಕಕ್ಕೇ ಬರೆದುಕೊಂಡರು. ಸೆಲ್ವಿಯಕ್ಕ ದುಡ್ಡು ಎಣಿಸುತ್ತಾ ಓರೆಗಣ್ಣಿನಲ್ಲಿ ನನ್ನನ್ನು ನೋಡಿದರು. ನನಗೆ ಅವತ್ತು ಮೊದಲ ಸಲ ಒಂದೇ ಕುರ್ಚಿ ಹಾಕಿದ್ದರು. ಅಭ್ಯಾಸಬಲದಿಂದ ನಾನು ಎರಡು ಬೆರಳು ಮೇಲೆಯೇ ಕೂರಲು ಹೋಗಿ ಧೊಪ್ಪನೆ ಕೆಳಗೆ ಬಿದ್ದಂತಾಗಿ, ಎಲ್ಲರೂ ಗಾಬರಿಯಾದರು. "ಪಾಪ, ನಿಶ್ಶಕ್ತಿ" ಎಂದರು.

ಬರುವ ಹತ್ತನೇ ತಾರೀಖಿಗೆ ಚೀಟಿ ಮುಗಿಯುತ್ತದೆ. ಸೆಲ್ವಿಯಕ್ಕ ಹಾಕಿದ ಗಡುವೂ ಅಲ್ಲಿಗೆ ಮುಗಿಯಿತು. ಎದ್ದುನಿಂತು ಹೇಳುವ ಧೈರ್ಯ ಅವತ್ತೂ ನನಗೆ ಬರುವುದಿಲ್ಲವೆಂದು ಗೊತ್ತಿದ್ದರಿಂದ ಇದನ್ನು ಬರೆದೆ. ಆ ಹತ್ತೊಂಬತ್ತು ಜನರಲ್ಲಿ ಇಬ್ಬರು ಇಂಥದ್ದನ್ನೆಲ್ಲ ಓದುವವರು. ಓದಿದ್ದನ್ನು ಉಳಿದವರಿಗೆ ಓದಿ ಹೇಳುವವರು. ಅವತ್ತು ನನಗೆ ಒಂದು ಕುರ್ಚಿ ಹಾಕುತ್ತಾರೋ, ಮೊದಲಿನಂತೆ ಎರಡೋ, ಅಥವಾ ಹೊರಗಿನ ಜಗಲಿಯನ್ನು ತೋರಿಸುತ್ತಾರೋ ನೋಡಬೇಕು. ಜಗಲಿಯಾದರೆ ಚಿಂತೆಯಿಲ್ಲ. ಅದು ಕಲ್ಲಿನದು, ಯಾರನ್ನು ಬೇಕಾದರೂ ತಡೆಯುತ್ತದೆ.