ಲೈಸೆನ್ಸ್ ಅಳಿಸಿ ಸಿಕ್ಕಿಬಿದ್ದದ್ದು

ಹಣಕೋಣದ ನಮ್ಮ ನೆಂಟರು ಚಿಪ್ಪಿ ಹೆಕ್ಕಲು ನದಿಗೆ ಇಳಿಯುವವರು. ಉಬ್ಬರವಿಳಿತದ ಹೊತ್ತು ತೋರಿಸುವ ಮೊಬೈಲ್ ಆ್ಯಪ್ ಮಾಡಿ ಅವರಿಗೆ ಮಹದುಪಕಾರ ಮಾಡಬೇಕೆಂದು ನಾನು ನಿಶ್ಚಯಿಸಿದೆ. ಅದರ ಕೋಡನ್ನು ಇಂಟರ್ನೆಟ್ಟಿನಲ್ಲಿ ಎಲ್ಲರಿಗೂ ಮುಕ್ತವಾಗಿಟ್ಟೆ. ಯಾರು ಬೇಕಾದರೂ ಒಯ್ಯಬಹುದು, ಬರೆದವರ ಹೆಸರು ಉಳಿಸಿದರೆ ಸಾಕು ಎಂಬುದು ನನ್ನ ಲೈಸೆನ್ಸು. ಮೂವರು ಅಪರಿಚಿತರು ಅದೇ ಷರತ್ತಿನ ಮೇಲೆ ತಮ್ಮ ಕೋಡನ್ನೂ ಸೇರಿಸಿದರು.

ಉಬ್ಬರದ ಲೆಕ್ಕ ಮಾತ್ರ ಯಾರಿಗೂ ಬಗೆಹರಿಯಲಿಲ್ಲ. ಅಂಕೋಲೆಯ ಕಾಲೇಜಿನಲ್ಲಿ ಪಾಠ ಹೇಳುವ ಸುಮಾ ಎಂಬವರ ಮುಕ್ತ ಯೋಜನೆಯಲ್ಲಿ ಅದು ಸಿದ್ಧವಾಗಿ ಕುಳಿತಿತ್ತು. ಎತ್ತಿಕೊಂಡೆ. ಫೈಲಿನ ತಲೆಯಲ್ಲಿ ಅವರ ಹೆಸರು, ಏನೇನೋ ಷರತ್ತು ಇದ್ದವು. ಚೊಕ್ಕವಾಗಿ ಕಾಣಲೆಂದು ಅಳಿಸಿದೆ.

ವಾರದೊಳಗೆ ಅವರ ಸಂದೇಶ ಬಂತು: "ನನ್ನ ಫೈಲು ನಿಮ್ಮಲ್ಲಿದೆ. ಲೈಸೆನ್ಸ್ ಒಮ್ಮೆ ಓದಿ."

ಓದಿದೆ. ಅವರ ಕೋಡ್ ಸೇರಿದ ಆ್ಯಪನ್ನು ಹಂಚುವುದಾದರೆ ಇಡೀ ಆ್ಯಪನ್ನೇ ಅವರ ಷರತ್ತಿನಲ್ಲಿ ಹಂಚಬೇಕಂತೆ. ತಟ್ಟೆ ಸರಿಸಿ ಮತ್ತೊಮ್ಮೆ ಓದಿದೆ.

"ಎಂತ ಆಯ್ತು? ಊಟ ತಣ್ಣಗಾಗ್ತದೆ," ಎಂದಳು ಹೆಂಡತಿ ವೈಶಾಲಿ.

"ಕೇಸ್ ಬೀಳ್ತದೇನೋ."

"ಕದ್ದದ್ದಾ?"

"ಕದ್ದದ್ದಲ್ಲ. ಬಿಟ್ಟಿ ಇಟ್ಟಿದ್ರು, ತಗೊಂಡೆ. ಹೆಸರು ಅಳಿಸ್ದೆ."

"ಹೆಸರು ಅಳಿಸಿದ್ರೆ ಮತ್ತೆಂತದು ಮಾರಾಯ್ರೆ?"

ಗಾಬರಿಯಲ್ಲಿ ಒಂದೂ ಫೈಲು ಬಿಡದೆ ಎಲ್ಲದರ ತಲೆಗೂ ಸುಮಾ ಅವರ ಹೆಸರನ್ನೂ ಷರತ್ತನ್ನೂ ಹಚ್ಚಿದೆ. ಆ ಭರದಲ್ಲಿ ಉಳಿದ ಮೂವರ ಹೆಸರು ಹಾರಿಹೋದವು. ಮೂವರೂ ಸಿಟ್ಟಿನಿಂದ ಬರೆದರು. ಒಬ್ಬರ ಮುನಿಸು ತೀರಿಸಲು ಹೋಗಿ ನಾಲ್ವರ ಅಪರಾಧಿಯಾದೆ.

ಮರುದಿನವೇ ನಮ್ಮೂರು ಬಿಣಗಾದಲ್ಲಿ ಅಂಕೋಲೆಯ ಬಸ್ಸು ಹತ್ತಿದೆ. ಅರ್ಗಾ ದಾಟುವಾಗ ನೌಕಾನೆಲೆಯ ಗೇಟಿನ ಕಾವಲುಗಾರರು ನನ್ನನ್ನೇ ಹುಡುಕುತ್ತಿರುವಂತೆ ಕಂಡಿತು. ತಲೆ ತಗ್ಗಿಸಿ ಕೂತೆ.

ಸುಮಾ ಸ್ಟಾಫ್ ರೂಮಿನಲ್ಲಿ ಸಿಕ್ಕರು. ಬಸ್ಸಿನಲ್ಲಿ ಬಾಯಿಪಾಠ ಮಾಡಿದ ಕ್ಷಮಾಪಣೆಯನ್ನು ಅರ್ಧಕ್ಕೇ ತಡೆದರು.

"ಇಷ್ಟಕ್ಕೆ ಇಲ್ಲಿ ತನಕ ಬಂದ್ರಾ? ನನ್ನ ಫೈಲಿಗೆ ನನ್ನ ಹೆಸರು ಇರ್ಲಿ. ಅವ್ರ ಫೈಲಿಗೆ ಅವ್ರ ಹೆಸರು, ಅವ್ರ ಲೈಸೆನ್ಸು ವಾಪಸ್ ಇಡಿ. ಒಟ್ಟು ಆ್ಯಪ್ ನನ್ನ ಷರತ್ತಲ್ಲಿ ಹೋಗ್ಲಿ. ಹಾಗೆ ಮಾಡಿದ್ರೆ ಎರಡೂ ಹೊಂದ್ತದೆ."

"ಕೇಸು?"

"ಎಂತ ಕೇಸು? ಚಾ ಕುಡೀರಿ."

ಹೋದ ಜೀವ ಬಂತು. ಅವರೇ ಲ್ಯಾಪ್‌ಟಾಪ್ ತೆರೆದು ಒಂದೊಂದೇ ಫೈಲಿನ ವಾರಸುದಾರರನ್ನು ಗುರುತಿಸುತ್ತ ಬಂದರು. ಕಡೆಗೆ ಒಂದು ಪುಟ್ಟ ಫೈಲು ಉಳಿಯಿತು. ಬಟನ್ನಿಗೆ ನೀಲಿ ಬಣ್ಣ ಹಚ್ಚುವುದಷ್ಟೇ ಅದರ ಕೆಲಸ.

"ಇದು ಯಾರದ್ದು?"

"ನನ್ನದು," ಎಂದೆ, ತುಸು ಹೆಮ್ಮೆಯಿಂದಲೇ.

ಸುಮಾ ಅದನ್ನು ಮೇಲಿಂದ ಕೆಳತನಕ ಓದಿದರು.

"ಇದಕ್ಕೆ ಯಾವ ಲೈಸೆನ್ಸ್ ಬೇಕಾದ್ರೂ ಹಾಕಿ. ಯಾರೂ ಒಯ್ಯೂದಿಲ್ಲ."