ಮಾವ ಹುಡುಕಿದ ವೈಫೈ ಪಾಯಿಂಟು

ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಇಂಟರ್ನೆಟ್ ಹುಡುಕಿದ ಮನುಷ್ಯ ಈ ಭೂಮಿಯ ಮೇಲೆ ಇನ್ನೊಬ್ಬರಿದ್ದರೆ ದಯವಿಟ್ಟು ನನಗೆ ತಿಳಿಸಿ. ನಮ್ಮ ಸೋದರಮಾವನಿಗೆ ಜೊತೆ ಸಿಕ್ಕಿತೆಂದು ಸಂತೋಷಪಡುತ್ತೇನೆ. ಅವರ ಹೆಸರು ಮಾತ್ರ ಕೇಳಬೇಡಿ. ಹೇಳಿದರೆ ಮಧುಗಿರಿಯಲ್ಲಿ ನನಗೆ ಊಟ ಹಾಕುವವರಿರುವುದಿಲ್ಲ. ಯಾಕೆಂದರೆ ಇಲ್ಲಿನ ಸರ್ಕಾರಿ ಕಚೇರಿಯಲ್ಲಿ ಕಂಪ್ಯೂಟರ್ ಕುಟ್ಟುವ ಕೆಲಸ ಸಿಕ್ಕಾಗಿನಿಂದ ನಾನು ಉಣ್ಣುತ್ತಿರುವುದು ಮಲಗುತ್ತಿರುವುದು ಎಲ್ಲ ಅವರ ಮನೆಯಲ್ಲೇ!

ಮಾವನ ಕಸುಬು ಬೋರ್‌ವೆಲ್ ಪಾಯಿಂಟ್ ಮಾಡುವುದು. ಶಿರಾ, ಪಾವಗಡ, ಕೊರಟಗೆರೆ ಕಡೆ ಯಾರೇ ಬೋರು ಹೊಡೆಸಬೇಕೆಂದರೂ ಮೊದಲು ಮಾವನಿಗೆ ಫೋನು. ಮಾವ ಜುಟ್ಟಿರುವ ತೆಂಗಿನಕಾಯೊಂದನ್ನು ಅಂಗೈ ಮೇಲೆ ಮಲಗಿಸಿಕೊಂಡು, ಕಣ್ಣು ಅರ್ಧ ಮುಚ್ಚಿ ಹೊಲದ ತುಂಬ ನಡೆಯುತ್ತಾರೆ. ಕಾಯಿ ಎಲ್ಲಿ ಎದ್ದು ನಿಲ್ಲುತ್ತದೋ ಅಲ್ಲಿ ನೀರು, ಅಲ್ಲೊಂದು ಗುರುತಿನ ಕಲ್ಲು. ನೀರು ಬಂದರೆ ಮಾವನ ಕೈಗುಣ. ಬರದೆ ಬರೀ ಧೂಳೆದ್ದರೆ? "ನಾನ್ ಕಲ್ಲು ಇಟ್ಟಿದ್ದೆಲ್ಲಿ, ನೀನ್ ಹೊಡ್ಸಿರೋದೆಲ್ಲಿ? ಒಂದ್ ಗೇಣು ಆಚೆ ಹೋಗ್ಬುಟ್ಟಿದೀಯಲ್ಲಯ್ಯಾ!" ಹೊಲದ ಯಜಮಾನ ಪಾಪ, ತನ್ನ ಗೇಣನ್ನೇ ಬೈದುಕೊಂಡು ಮನೆಗೆ ಹೋಗುತ್ತಾನೆ.

ಇಂಥ ಮನುಷ್ಯನ ಮನೆಗೆ ವೈಫೈ ಬಂದದ್ದು ಅತ್ತೆಯ ಸಲುವಾಗಿ. ಅತ್ತೆಗೆ ಹತ್ತನೇ ಕ್ಲಾಸಿನ ಪರೀಕ್ಷೆಗೆ ಇನ್ನೇನು ಕೂರಬೇಕು ಅನ್ನುವಾಗ ಮದುವೆಯಾಯಿತಂತೆ. ಮಗಳನ್ನು ಮದುವೆ ಮಾಡಿ ಕಳಿಸಿದ ಮೇಲೆ, ಕೂದಲು ಅರ್ಧ ಬೆಳ್ಳಗಾದ ಮೇಲೆ, ಈ ವರ್ಷ ಖಾಸಗಿಯಾಗಿ ಎಸ್ಸೆಸ್ಸೆಲ್ಸಿ ಕಟ್ಟಿದ್ದಾರೆ. ಉಳಿದ ವಿಷಯವೆಲ್ಲ ಓದಿಕೊಂಡಾರು. ಗಣಿತ? ಅದಕ್ಕೆ ಶಿರಾದಲ್ಲಿರುವ ಒಬ್ಬ ನಿವೃತ್ತ ಮೇಷ್ಟ್ರು ಇಂಥ ಹೆಂಗಸರಿಗೆಂದೇ ಆನ್‌ಲೈನ್ ಪಾಠ ಮಾಡುತ್ತಾರೆ, ದಿನಾ ಸಂಜೆ ನಾಲ್ಕರಿಂದ ಐದು. ಫೋನಿನಲ್ಲಿ ಅಂಕಿ ಕಾಣುವುದಿಲ್ಲವೆಂದು ಮನೆಗೊಂದು ಮಡಚುವ ಕಂಪ್ಯೂಟರ್ ಬಂತು. ಮೇಷ್ಟ್ರು ಭಾರಿ ಖಡಕ್ಕು. ಪಾಠದ ಮಧ್ಯೆ ಹತ್ತು ಸಲ ಮಾಯವಾದವರ ಹೆಸರನ್ನು ಪಟ್ಟಿಯಿಂದ ತೆಗೆದುಬಿಡುತ್ತೇನೆ ಅಂತ ಮೊದಲ ದಿನವೇ ಹೇಳಿದ್ದರು. ಕಾಯುತ್ತಿರುವವರು ಬೇರೆ ತುಂಬ ಜನ ಇದ್ದರಂತೆ.

ಅತ್ತೆ ಪುಸ್ತಕಕ್ಕೆ ಬೈಂಡು ಹಾಕಿ, ಕೋಣೆಯ ಬಾಗಿಲು ಮುಚ್ಚಿ, ಕಿವಿಗೆ ಹೆಡ್‌ಫೋನು ಸಿಕ್ಕಿಸಿ ಕೂತರು. ನಾಲ್ಕು ಇಪ್ಪತ್ತಕ್ಕೆ ನೆಟ್ ಹೋಯಿತು! ಐದು ನಿಮಿಷಕ್ಕೆ ಬಂತು. ಮಾರನೆಯ ದಿನವೂ ಅದೇ ಹೊತ್ತಿಗೆ ಅದೇ ಕಥೆ.

"ಎಕ್ಸಿನ ಬೆಲೆ ಎಷ್ಟು ಗೊತ್ತಾ ಅಂತ ಮೇಷ್ಟ್ರು ಬಾಯಿ ತೆಗೀತಾರೆ ಕಣೋ, ಅಂಗೇ ನಿಂತೋಗ್ತಾರೆ" ಎಂದರು ಅತ್ತೆ. "ಬಾಯೊಳ್ಗೆ ಇರೋ ಬೆಳ್ಳಿ ಹಲ್ಲೂ ಕಾಣ್ತದೆ. ಎಕ್ಸ್ ಮಾತ್ರ ಕಾಣಾಕಿಲ್ಲ."

ನಾನು ಕಚೇರಿಯಿಂದ ಬರುವುದು ಆರಕ್ಕೆ. ಬಂದು ನೋಡಿದರೆ ನೆಟ್ ಕುದುರೆಯ ಹಾಗೆ ಓಡುತ್ತಿತ್ತು. ಡಾಕ್ಟರ ಮುಖ ನೋಡಿದ ಕೂಡಲೇ ಜ್ವರ ಬಿಡುವ ರೋಗಿಗಳಿರುತ್ತಾರಲ್ಲ, ಹಾಗೆ. ಪಾಸ್‌ವರ್ಡ್ ಬದಲಾಯಿಸಿದೆ, ವೈಫೈ ಡಬ್ಬಿ ಆಫ್ ಮಾಡಿ ಆನ್ ಮಾಡಿದೆ, ಗೊತ್ತಿದ್ದದ್ದು ಗೊತ್ತಿಲ್ಲದ್ದು ಎಲ್ಲ ಒತ್ತಿದೆ. ಮಾವ ನನ್ನ ಬೆನ್ನ ಹಿಂದೆ ನಿಂತು ನೋಡಿ ನೋಡಿ, "ನೀನ್ ಬುಡು, ಇದು ನಿನ್ ಕೈಲಾಗೋ ಕೆಲ್ಸ ಅಲ್ಲ. ಪಾಯಿಂಟೇ ತಪ್ಪೈತೆ" ಎಂದು ತೀರ್ಪು ಕೊಟ್ಟು, ತೆಂಗಿನಕಾಯಿ ತಂದೇಬಿಟ್ಟರು!

ನೀವು ನೋಡಬೇಕಿತ್ತು. ಕಾಯಿ ಹಿಡಿದು ಹಜಾರ ಸುತ್ತಿದರು, ಮಂಚದ ಕೆಳಗೆ ಬಗ್ಗಿದರು, ಬಚ್ಚಲಮನೆಗೂ ಹೋಗಿ ಬಂದರು. ಕೊನೆಗೆ ದೇವರ ಕೋಣೆಯಲ್ಲಿ ಕಾಯಿ ಎದ್ದು ನಿಂತಿತು. "ಇಲ್ಲಿ ಮೂರ್ ಎಳೆ ಸೇರ್ತವೆ ಕಣ್ಲಾ, ಭಾರೀ ಸೆಲೆ!" ಎಂದು ವೈಫೈ ಡಬ್ಬಿಯನ್ನು ಅಲ್ಲಿಗೇ ಸಾಗಿಸಿದರು. ಮಾರನೆಯ ದಿನ ನಾನು ಕೈಮುಗಿಯಲು ಹೋದರೆ ಡಬ್ಬಿಯ ನೆತ್ತಿಗೆ ಕುಂಕುಮ, ಪಕ್ಕಕ್ಕೆ ಕನಕಾಂಬರ. ಮಧುಗಿರಿಯಲ್ಲಿ ಹಸಿರು ಕಣ್ಣು ಮಿಟುಕಿಸುವ ದೇವರೆಂದರೆ ಇದೊಂದೇ. ಆದರೆ ಆ ದೇವರೂ ನಾಲ್ಕು ಇಪ್ಪತ್ತಕ್ಕೆ ಸರಿಯಾಗಿ ಕಣ್ಣು ಮುಚ್ಚಿತು.

"ನಮ್ಮೂರ್ ಬೆಟ್ಟ ಅಡ್ಡ ಬತ್ತಾ ಐತೆ" ಎಂದರು ಮಾವ. "ಅಷ್ಟು ದೊಡ್ಡ ಒಂದೇ ಕಲ್ಲು. ಮನುಷ್ರೇ ಹತ್ತಿ ಇಳಿಯಾಕೆ ಏದುಸ್ರು ಬುಡ್ತಾರೆ. ಪಾಪ, ನೆಟ್ಟು ಹತ್ಬೇಕಲ್ವಾ? ಸಾಯಂಕಾಲಕ್ಕೆ ಸುಸ್ತಾಗ್ತದೆ."

ಬೆಟ್ಟವನ್ನು ಸರಿಸುವುದು ಕಷ್ಟವಾದ್ದರಿಂದ ಪಕ್ಕದ ಮನೆಯ ಟೀಚರಮ್ಮನ ಮೇಲೆ ಕಣ್ಣು ಬಿತ್ತು. ಆಕೆ ಪಾವಗಡದ ಕಡೆಯವರು, ಅರ್ಧ ಕನ್ನಡ ಅರ್ಧ ತೆಲುಗು. ಅವರ ಮನೆಗೂ ಅದೇ ತಿಂಗಳು ವೈಫೈ ಬಂದಿತ್ತು. ಅದಕ್ಕೆ ನಾಲ್ಕು ಕೊಂಬು ಬೇರೆ. ಪಕ್ಕದ ಹೊಲದವನು ಆಳಕ್ಕೆ ಬೋರು ಹೊಡೆಸಿದರೆ ನಮ್ಮದು ಬತ್ತುವುದನ್ನು ಜೀವಮಾನವೆಲ್ಲ ಕಂಡ ಮಾವನಿಗೆ ಇನ್ನೇನು ಸಾಕ್ಷಿ ಬೇಕು? ಕಾಂಪೌಂಡಿನ ಈಚೆಯಿಂದಲೇ ವಿಚಾರಣೆ ಶುರು ಮಾಡಿದರು.

"ಟೀಚರಮ್ಮಾ, ನಿಮ್ದು ಎಷ್ಟಡಿ ಹೋಗೈತೆ?"

"ಏದಿ ಅಣ್ಣಾ, ಯಾವ್ದು?"

"ಅದೇ, ಕೊಂಬಿನ ಡಬ್ಬಿ. ನೀವು ಹಾಕ್ಸಿದ್ದೇ ಹಾಕ್ಸಿದ್ದು, ನಮ್ದು ಬತ್ತೋಯ್ತಾ ಐತೆ."

"ಅಯ್ಯೋ ರಾಮಾ! ಗಾಲಿಲೋ, ಗಾಳೀಲಿ ಬರೋದಕ್ಕೂ ಬೋರ್ ಲೆಕ್ಕ ಹಾಕ್ತಾರಾ ಅಣ್ಣಾ?" ಎಂದು ಆಕೆ ಹೊಟ್ಟೆ ಹಿಡಿದುಕೊಂಡು ನಕ್ಕರು. ಆದರೆ ಒಳ್ಳೆಯ ಹೆಂಗಸು. ಅತ್ತೆಯ ಪಾಠಕ್ಕೆಂದು ನಾಲ್ಕರಿಂದ ಐದರವರೆಗೆ ತಮ್ಮದನ್ನು ಆಫ್ ಮಾಡಿಟ್ಟರು. ಎರಡು ದಿನ ಆಫ್ ಮಾಡಿಟ್ಟರು. ಎರಡು ದಿನವೂ ನಮ್ಮದು ಹೋಯಿತು! ಅಷ್ಟರಲ್ಲಿ ಅತ್ತೆ ಐದು ಸಲ ಮಾಯವಾಗಿದ್ದರು. ಕ್ಯಾಲೆಂಡರಿನಲ್ಲಿ ಒಂದೊಂದಕ್ಕೂ ಕೆಂಪು ಸುತ್ತು ಹಾಕಿ, ಉಳಿದದ್ದನ್ನು ಬೆರಳಲ್ಲಿ ಎಣಿಸುತ್ತಿದ್ದರು.

ಶುಕ್ರವಾರ ಮಾವ ನನಗೂ ಹೇಳದೆ ಡಬ್ಬಿಯನ್ನು ಬಟ್ಟೆಯ ಚೀಲಕ್ಕೆ ಹಾಕಿಕೊಂಡು, ಕೊರಟಗೆರೆಯಲ್ಲಿ ಬಸ್ಸು ಬದಲಾಯಿಸಿ ಗೊರವನಹಳ್ಳಿಗೆ ಹೋದರು. ಮಹಾಲಕ್ಷ್ಮಿಯ ಮುಂದೆ ನಡೆದದ್ದನ್ನು ಅವರ ಬಾಯಲ್ಲೇ ಕೇಳಬೇಕು.

"ಯಾರ ಹೆಸರಲ್ಲಿ ಅರ್ಚನೆ?" ಎಂದು ಅರ್ಚಕರು ಕೇಳಿದರಂತೆ.

"ಇದ್ರ ಹೆಸ್ರಲ್ಲೇ ಮಾಡಿ ಸ್ವಾಮೀ."

"ನಕ್ಷತ್ರ?"

"ಹೋದ್ ತಿಂಗ್ಳು ಮಂಗ್ಳಾರ ಮಧ್ಯಾಹ್ನ ಬಂದು ಗೋಡೆಗೆ ಹಾಕಿದ್ರು. ನೀವೇ ಲೆಕ್ಕ ಹಾಕ್ಬುಡಿ."

ಹಿಂದಿನವರು ನೂಕುತ್ತಿದ್ದರಿಂದ ಅರ್ಚಕರು ಹೆಚ್ಚು ಮಾತಾಡದೆ ಡಬ್ಬಿಗೆ ಮಂಗಳಾರತಿ ತೋರಿಸಿ ಕಳಿಸಿದರಂತೆ. ಮಾವ ಪ್ರಸಾದದ ಸಮೇತ ಮನೆ ಸೇರಿದಾಗ ಐದೂವರೆ. ಆ ದಿನ ನಾಲ್ಕು ಗಂಟೆಗೆ ಅತ್ತೆ ಕಂಪ್ಯೂಟರ್ ಮುಂದೆ ಕೂತು ನೋಡುತ್ತಾರೆ, ಇಂಟರ್ನೆಟ್ಟೇ ದೇವಸ್ಥಾನಕ್ಕೆ ಹೋಗಿದೆ! ಅದಕ್ಕೂ ಒಂದು ಕೆಂಪು ಸುತ್ತು ಬಿತ್ತು. ಅತ್ತೆ ಪ್ರಸಾದವನ್ನು ಕಣ್ಣಿಗೊತ್ತಿಕೊಂಡು ತಿಂದರು. ಮಾವನ ಹತ್ತಿರ ಮಾತ್ರ ಎರಡು ದಿನ ಮಾತಾಡಲಿಲ್ಲ.

ಕೊನೆಗೆ ನನ್ನ ಒತ್ತಾಯಕ್ಕೆ ಮಾವ ಕಂಪನಿಗೆ ಫೋನು ಮಾಡಿದರು. ಆ ಕಡೆಯ ಹೆಣ್ಣುಮಗಳು "ಸರ್, ರೀಸ್ಟಾರ್ಟ್ ಮಾಡಿ ನೋಡಿದ್ರಾ?" ಅಂದಳು. "ಮಾಡಿದೆ ಕಣವ್ವ. ಯಾವೂರು ನಿಂದು?" ಅಂದರು ಮಾವ. ಶಿರಾ ಕಡೆಯ ಪಟ್ಟನಾಯಕನಹಳ್ಳಿ ಹತ್ತಿರ! ಮುಕ್ಕಾಲು ಗಂಟೆ ಮಾತಾಡಿದರು. ಫೋನಿಟ್ಟ ಮೇಲೆ ನಾನು ಆಸೆಯಿಂದ, "ಕೆಲಸ ಆಯ್ತಾ ಮಾವ?" ಅಂದೆ.

"ಆಯ್ತು. ಭಾನ್ವಾರ ಬಂದು ಅವ್ರಪ್ಪನ ತೋಟಕ್ಕೆ ಪಾಯಿಂಟ್ ಮಾಡ್ಕೊಡ್ತೀನಿ ಅಂದಿದೀನಿ."

ಏನಾದರಾಗಲಿ, ಆ ಪುಣ್ಯಾತ್ಗಿತ್ತಿ ಮರೆಯದೆ ಒಬ್ಬ ರಿಪೇರಿಯವರನ್ನು ಕಳಿಸಿದಳು. ಐವತ್ತು ದಾಟಿದ, ಹೊಟ್ಟೆ ಮುಂದೆ ಬಂದ ನಿಧಾನಸ್ಥ ಮನುಷ್ಯ. ಬಂದದ್ದು ಬೆಳಿಗ್ಗೆ ಹನ್ನೊಂದಕ್ಕೆ. ಎಲ್ಲ ತಿರುಗಿಸಿ ನೋಡಿ, "ನೆಟ್ ಸರಿಯಾಗೇ ಐತಲ್ಲ ಸಾರ್" ಎಂದರು. ಮಾವ ಬಿಡುತ್ತಾರೆಯೇ? ಬಾಗಿಲಿಗೆ ಅಡ್ಡ ನಿಂತು, "ನಾಕ್ ಇಪ್ಪತ್ತರ ತಂಕ ಇರ್ಬೇಕು ನೀವು" ಎಂದು ಹಿಡಿದು ಕೂರಿಸಿದರು. ಅವರು ಮುದ್ದೆ ಹುರುಳಿಕಾಳು ಸಾರು ಉಂಡರು, ಒಂದು ನಿದ್ದೆಯನ್ನೂ ತೆಗೆದರು. ನಾಲ್ಕರಿಂದ ಐದರವರೆಗೆ ಆ ಕಡೆ ಅವರು, ಈ ಕಡೆ ಮಾವ, ನಡುವೆ ಡಬ್ಬಿ. ಹಸಿರು ದೀಪ ಒಂದು ಸಲವೂ ಅಲುಗಲಿಲ್ಲ! "ನೆಟ್ಟೂ ಚೆನ್ನಾಗೈತೆ, ಸಾರಂತೂ ಇನ್ನೂ ಚೆನ್ನಾಗೈತೆ" ಎಂದು ಸರ್ಟಿಫಿಕೇಟು ಕೊಟ್ಟು ಹೋದರು.

ಮಾರನೆಯ ದಿನ ನಾಲ್ಕು ಇಪ್ಪತ್ತಕ್ಕೆ ಮತ್ತೆ ಹೋಯಿತು. "ಆ ಮನುಷ್ಯನ ಕಾಲ್ಗುಣ ಕಣ್ಲಾ! ಪರೀಕ್ಷೆ ಮುಗಿಯೋಗಂಟ ಮನೇಲೇ ಇಟ್ಕಂಡ್ಬುಡಾನಾ?" ಅಂದರು ಮಾವ. ತಮಾಷೆಗಲ್ಲ, ನಿಜವಾಗಿಯೇ ಕೇಳಿದ್ದು.

ಕ್ಯಾಲೆಂಡರಿನಲ್ಲಿ ಒಂಬತ್ತು ಸುತ್ತಾದವು. ಆ ಸಂಜೆ ಅತ್ತೆ ಪುಸ್ತಕ ಮುಚ್ಚಿಟ್ಟು, "ಇನ್ನೊಂದು ಸಲಕ್ಕೆ ಹೆಸ್ರು ತೆಗೀತಾರೆ. ಹೋಗ್ಲಿ ಬುಡು, ನನ್ ಹಣೇಲಿ ಬರೆದಿಲ್ಲ" ಎಂದು ಒಳಗೆ ಹೋದರು. ನನಗೆ ನಗು ಬರಲಿಲ್ಲ. ಮಾರನೆಯ ದಿನ ಮಧ್ಯಾಹ್ನದ ಮೇಲೆ ರಜೆ ಹಾಕಿ, ಯಾರಿಗೂ ಹೇಳದೆ ಮನೆಗೆ ಬಂದೆ. ಹೇಳಿದ್ದರೆ ಮಾವ ಇನ್ನೊಂದು ಕಾಯಿ ಹಿಡಿದುಕೊಂಡು ಜೊತೆಗೆ ಬರುತ್ತಿದ್ದರು.

ಅತ್ತೆ ಕೋಣೆಯಲ್ಲಿ ಹಾಜರಿ ಹೇಳುತ್ತಿದ್ದದ್ದು ಕೇಳಿಸಿತು. ನಾನು ಕಂಪ್ಯೂಟರ್ ಬಿಟ್ಟು ದೇವರ ಕೋಣೆಯಲ್ಲಿ ಡಬ್ಬಿಯ ಮುಂದೆ ಕೂತೆ. ನಾಲ್ಕು ಇಪ್ಪತ್ತು. ತಲೆಯ ಮೇಲಿನ ಟ್ಯೂಬ್‌ಲೈಟು ಪಕಪಕ ಮಿಟುಕಿತು. ಡಬ್ಬಿಯ ದೀಪಗಳೆಲ್ಲ ಒಟ್ಟಿಗೆ ಆರಿಹೋದವು! ಅಯ್ಯೋ, ಇದು ನೆಟ್ ಹೋದದ್ದಲ್ಲ, ಡಬ್ಬಿಗೆ ಕರೆಂಟೇ ಹೋಗುತ್ತಿದೆ! ಕಂಪ್ಯೂಟರಿಗೆ ಬ್ಯಾಟರಿ ಇದ್ದುದರಿಂದ ಅದು ಆರುತ್ತಿರಲಿಲ್ಲ, ಹಾಗಾಗಿ ಇಷ್ಟು ದಿನ ಯಾರಿಗೂ ಹೊಳೆದಿರಲಿಲ್ಲ. ಡಬ್ಬಿಯ ವೈರು ಹಿಡಿದು ಹೊರಟೆ. ಅದು ಕಿಟಕಿ ದಾಟಿ ಅಡಿಗೆಮನೆಗೆ ಹೋಗಿತ್ತು. ಅಡಿಗೆಮನೆಯ ಬಾಗಿಲಿಗೆ ಒಳಗಿನಿಂದ ಚಿಲಕ. ಒಳಗೆ ಘರ್ರೆಂದು ಮಿಕ್ಸಿಯ ಸದ್ದು.

ಬಾಗಿಲು ಬಡಿದೆ. ಸದ್ದು ನಿಂತಿತು. ಚಿಲಕ ತೆಗೆದು ನಿಂತವರು ಮಾವ! ಪಂಚೆ ಎತ್ತಿ ಕಟ್ಟಿ, ತಲೆಗೆ ಟವೆಲ್ ಸುತ್ತಿ, ಮೊಣಕೈವರೆಗೂ ಮಸಾಲೆ ಮೆತ್ತಿಕೊಂಡಿದ್ದರು.

"ಇವತ್ತು ಆಫೀಸಿಲ್ವೇನ್ಲಾ ನಿಂಗೆ?"

"ಏನು ಮಾವ ಇದು?"

"ಮೆತ್ತಗೆ ಮಾತಾಡ್ಲಾ! ಅವ್ಳು ಪಾಠ ಮುಗ್ಸಿ ಎದ್ದೇಟ್ಗೆ ಮಸಾಲೆ ರುಬ್ಬಾಕೆ ನಿಂತ್ರೆ ಕಲ್ತಿದ್ದೆಲ್ಲ ಮರ್ತೋಯ್ತದಂತೆ. ಅದ್ಕೇ ಪಾಠ ಶುರುವಾದಾಗಿಂದ ದಿನಾ ನಾನೇ ರುಬ್ಬಿಡ್ತೀನಿ. ಇನ್ನೊಂದ್ ಗಂಟೆ ಓದ್ಕಳ್ಳಿ ಅಂತ. ಯಾರ್ಗೂ ಹೇಳ್‌ಬ್ಯಾಡ ಅಂತ ಅವ್ಳ ಕೈಲಿ ಆಣೆ ಇಕ್ಕಿಸ್ಕಂಡಿದೀನಿ. ಮಿಕ್ಸಿ ತಿರುಗ್ಸೋ ಗಂಡ್ಸನ್ನ ಪಾಯಿಂಟ್‌ಗೆ ಯಾರ್ಲಾ ಕರೀತಾರೆ?"

ಮುಚ್ಚಿದ ಕೋಣೆಯಲ್ಲಿ ಹೆಡ್‌ಫೋನು ಹಾಕಿಕೊಂಡು ಕೂತ ಅತ್ತೆಗೆ ಮಿಕ್ಸಿ ಯಾವಾಗ ತಿರುಗುತ್ತದೆಂದು ಹೇಗೆ ಗೊತ್ತಾಗಬೇಕು? ನಾನು ನಿಧಾನವಾಗಿ ಬಿಡಿಸಿ ಹೇಳಿದೆ. ಡಬ್ಬಿ ಎಲ್ಲಿಟ್ಟರೂ ಅದಕ್ಕೂ ಮಿಕ್ಸಿಗೂ ಮೊದಲಿನಿಂದ ಅಡಿಗೆಮನೆಯ ಒಂದೇ ಬೋರ್ಡು. ಸಂಜೆ ಮೊದಲೇ ವೋಲ್ಟೇಜ್ ಕಮ್ಮಿ. ಈ ಹಳೇ ಮಿಕ್ಸಿ ತಿರುಗಿದ ಕೂಡಲೇ ಡಬ್ಬಿ ಆರುತ್ತದೆ. ರಿಪೇರಿಯವರು ಬಂದ ದಿನ ಮಾವ ಡಬ್ಬಿಯ ಮುಂದೆ ಕಾವಲು ಕೂತಿದ್ದರು, ರುಬ್ಬಿರಲಿಲ್ಲ. ಅದಕ್ಕೇ ಆ ದಿನ ನೆಟ್ ಹೋಗಲಿಲ್ಲ.

ಮಾವ ಮಿಕ್ಸಿಯನ್ನು ನೋಡಿದರು, ವೈರನ್ನು ನೋಡಿದರು, ಕೊನೆಗೆ ನನ್ನನ್ನು ನೋಡಿದರು. ಗೇಣಿನ ಮಾತು ಈಗ ಬರುತ್ತದೆ ಎಂದುಕೊಂಡೆ. ಬರಲಿಲ್ಲ. ಮಸಾಲೆ ಕೈಯಲ್ಲೇ ಅತ್ತೆಯ ಕೋಣೆಗೆ ನಡೆದರು. ಅತ್ತೆ ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು, ನಿಂತುಹೋದ ಮೇಷ್ಟ್ರ ಮುಖವನ್ನು ನೋಡುತ್ತ ಕೂತಿದ್ದರು. ಕಣ್ಣು ತುಂಬಿತ್ತು. ಹತ್ತನೆಯ ಸಲ.

"ಮಿಕ್ಸಿ ತಿರುಗ್ಸಿದ್ರೆ ಡಬ್ಬಿ ಆರೋಯ್ತದಂತೆ ಕಣೆ" ಎಂದರು ಮಾವ. "ಆವತ್ತು ಪರೀಕ್ಷೆ ಮುಗೀಲಿ ಅಂತ ನಿಮ್ಮಪ್ಪ ಕೈ ಮುಗುದ್ರು. ಈ ತಿಂಗ್ಳೇ ಮದ್ವೆ ಆಗ್ಬೇಕು ಅಂತ ಹಟ ಹಿಡ್ದೋನು ನಾನೇ. ಆವತ್ತು ನಿನ್ ಇಸ್ಕೂಲು ಬುಡ್ಸಿದ್ದೂ ನಾನೇ, ಇವತ್ತು ಇದನ್ನ ಕೆಡ್ಸಿದ್ದೂ ನಾನೇ."

ಅತ್ತೆ ಪಕ್ಕದ ಸ್ಟೂಲು ಎಳೆದು, ಅವರನ್ನು ಕೂರಿಸಿದರು. ಅಷ್ಟರಲ್ಲಿ ನೆಟ್ ಬಂತು. ಮೇಷ್ಟ್ರ ಮುಖ ಅಲುಗಾಡಿತು.

"ಏನಮ್ಮಾ, ಇವತ್ತೂ ಹೋಗಿತ್ತಾ?"

"ಹೋಗಿತ್ತು ಸಾರ್" ಎಂದರು ಅತ್ತೆ. "ಯಾಕೆ ಅಂತ ಗೊತ್ತಾಯ್ತು. ಇನ್ಮೇಲೆ ಹೋಗಾಕಿಲ್ಲ."

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಹಾಜರಿ ಪುಸ್ತಕವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಅದನ್ನು ಮುಚ್ಚಿ ಪಕ್ಕಕ್ಕಿಟ್ಟು, "ಸರಿ, ಬರ್ಕೊಳ್ಳಿ" ಎಂದರು. ಅತ್ತೆ ಬಲಗೈಯಲ್ಲಿ ಬರೆಯತೊಡಗಿದರು. ಎಡಗೈ ಮೇಜಿನ ಕೆಳಗೆ, ಕ್ಯಾಮೆರಾಗೆ ಕಾಣದ ಹಾಗೆ, ಮಾವನ ಮಸಾಲೆ ಮೆತ್ತಿದ ಕೈಯನ್ನು ಹಿಡಿದುಕೊಂಡಿತ್ತು. ಐದು ಗಂಟೆಯವರೆಗೂ ಬಿಡಲಿಲ್ಲ.